ಸಸಿಗೆ ಬಿಟ್ಟ ತೊಟ್ಟಿ

ಛತ್ರಿ ಜೊಂಡಿನ ತಲೆಗಳನ್ನು ಗೇಣುದ್ದದ ಕಡ್ಡಿಯೊಂದಿಗೆ ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಸವರಿ, ಬಕೆಟ್ಟಿನ ನೀರಿಗೆ ತಲೆಕೆಳಗಾಗಿ ಇಳಿಬಿಡುವ ಕೆಲಸ. ಬಕೆಟ್ಟಿನ ಆಚೆ ಸೌಮ್ಯ, ಈಚೆ ನಾನು. ಮಾತಿಲ್ಲ. ನನ್ನ ಕತ್ತರಿ ಒಮ್ಮೆ ಕಚಕ್ ಎಂದರೆ ಅವಳದು ಒಮ್ಮೆ. ಅವಳು ಸವರಿದ ತಲೆಗಳೆಲ್ಲ ಒಂದೇ ಅಳತೆಗಿದ್ದವು. ನನ್ನವು ಹೆಚ್ಚುಕಡಿಮೆ. ಮೂರು ವರ್ಷದಿಂದ ಹೆಚ್ಚುಕಡಿಮೆಯೇ ಸವರಿದ್ದೇನೆ, ಕೊಳೆತದ್ದು ಬಹಳ ಕಡಿಮೆ. ಆದರೂ ಇವತ್ತು ಬೆಳಿಗ್ಗೆ ನನ್ನವನ್ನು ಯಾರಿಗೂ ಕಾಣದ ಹಾಗೆ ನೀರಿನೊಳಗೆ ಇನ್ನಷ್ಟು ಒತ್ತಿದೆ.

ಈ ಗಿಡಕ್ಕೆ ಉದ್ದನೆಯ ಕಡ್ಡಿ, ಕಡ್ಡಿಯ ತುದಿಯಲ್ಲಿ ಬಿಚ್ಚಿದ ಕೊಡೆಯ ಹಾಗೆ ಸುತ್ತಲೂ ಎಲೆ. ತಲೆ ನೀರಿನಲ್ಲಿ ಮುಳುಗಿದರೆ ಎರಡು ಮೂರು ವಾರಕ್ಕೆ ಎಲೆಗಳ ಸಂದಿಯಿಂದ ಬೇರು ಬರುತ್ತದೆ, ಆಮೇಲೆ ಮೊಳಕೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ನರ್ಸರಿಗೆ ಸೇರಿದ ವರ್ಷ ಒಂದು ಕಡ್ಡಿ ಗಾಳಿಗೆ ಬಾಗಿ ಬಾನಿಯ ನೀರಿಗೆ ಬಿದ್ದಿತ್ತು. ಎಲ್ಲರೂ ಅದನ್ನು ದಾಟಿ ಓಡಾಡಿದರು. ನಾನು ದಿನವೂ ನೋಡಿದೆ. ಬೇರು ಬಂದ ಮೇಲೂ ಮಾಲೀಕರಾದ ಶಿವರಾಮಣ್ಣನಿಗೆ ಹೇಳಲು ನಾಲ್ಕು ದಿನ ಬೇಕಾಯಿತು.

"ಅಬ್ಬಬ್ಬಾ, ಸಸಿಗೂ ಬಾಯದೆ ಕಣ್ರಪ್ಪ!" ಎಂದು ಶಿವರಾಮಣ್ಣ ನಕ್ಕಿದ್ದರು. ಅಂದಿನಿಂದ ಜೊಂಡುಗಳ ಸಾಲು ನನ್ನದಾಯಿತು.

ನರ್ಸರಿ ಇರುವುದು ಸೋಮನಹಳ್ಳಿಯ ಹತ್ತಿರ, ಹೆದ್ದಾರಿಗೆ ಅಂಟಿಕೊಂಡು. ನಾನು ವೈದ್ಯನಾಥಪುರದವಳು. ಒಂಬತ್ತನೇ ತರಗತಿಯಲ್ಲಿ ಅವ್ವ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಶಾಲೆ ಬಿಟ್ಟೆ, ಅವಳು ಎದ್ದು ಓಡಾಡುವಂತಾದ ಮೇಲೂ ವಾಪಸು ಹೋಗಲಿಲ್ಲ. ನನ್ನ ಹೆಸರು ಶಶಿರೇಖಾ. ಆದರೆ ನಮ್ಮ ಕಡೆ 'ಶ' ಯಾರ ನಾಲಗೆಯ ಮೇಲೂ ನಿಲ್ಲುವುದಿಲ್ಲ, ಅದಕ್ಕೆ ಮನೆಯಲ್ಲೂ ಬೀದಿಯಲ್ಲೂ ನಾನು ಸಸಿ. ನರ್ಸರಿಯಲ್ಲಿ ಈ ಹೆಸರಿನಿಂದ ದಿನಕ್ಕೊಂದು ತಮಾಷೆ. "ಸಸಿಗೆ ನೀರ್ ಕೊಡ್ರೋ" ಎಂದು ಮಾಲೀಕರು ಕೂಗಿದರೆ, ಕಳೆ ಕೀಳುವ ಪಟ್ಟಲಮ್ಮ ಒಂದು ಚೊಂಬು ನೀರು ತಂದು ನನ್ನ ಮುಂದೆ ಹಿಡಿಯುತ್ತಿದ್ದಳು. "ಕುಡಿ ಕಣವ್ವ, ಒಣಗೋಗ್ಬುಟ್ಟೀಯ!"

ಪಟ್ಟಲಮ್ಮನಿಗೆ ಅರವತ್ತು ದಾಟಿದೆ. ನನ್ನ ಸಾಲನ್ನು ನೋಡಿದಾಗಲೆಲ್ಲ ಅವಳಿಗೆ ನಗು. "ವಯಸ್ಸೆಲ್ಲ ಗದ್ದೇಲಿ ಜೇಕು ಕಿತ್ತೂ ಕಿತ್ತೂ ಬೆನ್ನು ಬಗ್ಗೋಯ್ತು. ಇಲ್ಲಿ ನೋಡುದ್ರೆ ಅದ್ಕೇ ಕುಂಡ, ಅದ್ಕೇ ನೆರಳು, ಅದ್ಕೇ ಉಪಚಾರ!" ಅವಳು ಹೇಳುವುದು ಸುಳ್ಳಲ್ಲ. ಗದ್ದೆಯ ಕಳೆಗಳಾದ ಜೇಕು, ಕೊನ್ನಾರಿ, ಚಾಪೆ ಹೆಣೆಯುವ ಶಿಂಷಾ ದಡದ ಆಪು, ಕಾರಿನವರು ಕೊಳ್ಳುವ ಈ ಜೊಂಡುಗಳು, ಎಲ್ಲವೂ ಒಂದೇ ಬಳಗ. ಕಡ್ಡಿಯನ್ನು ಎರಡು ಬೆರಳ ನಡುವೆ ಹೊರಳಿಸಿದರೆ ಗೊತ್ತಾಗುತ್ತದೆ. ಹುಲ್ಲು ದುಂಡಗೆ ಉರುಳುತ್ತದೆ, ಇದು ಮೂರು ಮೂಲೆ ತಾಗಿಸುತ್ತದೆ. ಅದೂ ನಾನೇ ಕಂಡುಕೊಂಡದ್ದು ಎಂದುಕೊಂಡಿದ್ದೆ.

ಸೌಮ್ಯ ನರ್ಸರಿಗೆ ಹೊಸದಾಗಿ ಸೇರಿದ ವಾರವೇ ಅವಳ ಮುಂದೆ ಒಂದು ಕಡ್ಡಿ ಹೊರಳಿಸಿ ತೋರಿಸಿದೆ. ನಾನಾಗಿ ಒಬ್ಬರ ಹತ್ತಿರ ಮಾತಾಡಲು ಹೋಗುವುದು ಅಪರೂಪ.

"ಹೂಂ ಶಶಿಅಕ್ಕ, ಮೂರ್ ಮೂಲೆ. ನಮ್ ಪುಸ್ತಕದಲ್ಲೂ ಅದೆ" ಎಂದಳು, ಖುಷಿಯಿಂದಲೇ.

ನಾನು ಒಬ್ಬಳೇ ಕೂತು ತಿಂಗಳುಗಟ್ಟಲೆ ನೋಡಿ ತಿಳಿದದ್ದು ಯಾವುದೋ ಪುಸ್ತಕದ ಒಂದು ಸಾಲಾಗಿತ್ತು. ಅವಳು ಅದನ್ನು ಒಂದು ಮಧ್ಯಾಹ್ನ ಓದಿ, ಪುಟ ತಿರುಗಿಸಿ, ಮುಂದೆ ಹೋಗಿದ್ದಳು.

ಅವಳು ಮಳವಳ್ಳಿಯವಳು, ನನಗಿಂತ ಎರಡು ವರ್ಷ ಚಿಕ್ಕವಳು. ತೋಟಗಾರಿಕೆಯ ಡಿಪ್ಲೊಮಾ, ಒಂದು ವಿಷಯ ಬಾಕಿ. ಬಸ್ಸಿಳಿದು ಬರುವಾಗ ತಲೆಗೆ ಬಟ್ಟೆಯ ಟೋಪಿ. ಮಣ್ಣು ಮುಟ್ಟುವ ಮೊದಲು ಕೈಗಡಿಯಾರ ಬಿಚ್ಚಿ ಊಟದ ಡಬ್ಬಿಯ ಮೇಲಿಡುತ್ತಿದ್ದಳು. ಅದನ್ನೆಲ್ಲ ನಾನು ಯಾಕೆ ನೋಡುತ್ತಿದ್ದೆನೋ! ಗಿರಾಕಿಗಳು ಬಂದರೆ ಶಿವರಾಮಣ್ಣ ಈಗ ಅವಳನ್ನು ಕೂಗುತ್ತಿದ್ದರು. "ಸೈಪರಸ್" ಎಂದು ಅವಳು ಜೊಂಡಿನ ಪುಸ್ತಕದ ಹೆಸರು ಹೇಳಿದರೆ ಕಾರಿನ ಹೆಂಗಸರು ತಲೆಯಾಡಿಸುತ್ತಿದ್ದರು. ನಾನು ಸುಣ್ಣದಲ್ಲಿ 'ಛತ್ರಿ ಗಿಡ' ಎಂದು ಬರೆದಿದ್ದ ಹಲಗೆಯನ್ನು ತೆಗೆದು ಅಚ್ಚಿನ ಅಕ್ಷರದ ಹಲಗೆ ನೆಟ್ಟರು. ನನ್ನದು ನೀರಿನ ಡ್ರಮ್ಮಿಗೆ ಮುಚ್ಚಳವಾಯಿತು. ನೀರು ತೆಗೆಯುವಾಗಲೆಲ್ಲ ನನ್ನ ಅಕ್ಷರವನ್ನು ನಾನೇ ಎತ್ತಿ ಪಕ್ಕಕ್ಕಿಡಬೇಕಿತ್ತು.

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಅವಳು ನನ್ನನ್ನು ಕರೆಯುವ ರೀತಿ. 'ಶಶಿಅಕ್ಕ'. ಎರಡು ಶ, ಎರಡೂ ತುಂಬು ಶ. ಬೇಕೆಂದೇ ತನ್ನ ಓದು ತೋರಿಸುತ್ತಾಳೆ ಎಂದುಕೊಳ್ಳುತ್ತಿದ್ದೆ.

ಅದೆಲ್ಲವನ್ನೂ ನುಂಗಿಕೊಂಡು ಇದ್ದದ್ದು ತೊಟ್ಟಿಗಾಗಿ. ಫೆಬ್ರವರಿಯಲ್ಲಿ ಶಿವರಾಮಣ್ಣ ಹೊಂಗೆಮರದ ಕೆಳಗೆ ಹತ್ತಡಿ ಉದ್ದ, ಮೊಣಕಾಲೆತ್ತರದ ಸಿಮೆಂಟು ತೊಟ್ಟಿ ಕಟ್ಟಿಸಿದ್ದರು. ನರ್ಸರಿಯ ಬಾಗಿಲಿಗೇ ಎದುರು, ಬಂದವರು ಮೊದಲು ನೋಡುವುದೇ ಅದನ್ನು. ಜೊಂಡುಗಳನ್ನೆಲ್ಲ ಅದರಲ್ಲಿ ಜೋಡಿಸುವುದು, ಆಮೇಲೆ ಒಬ್ಬರೇ ಅದನ್ನು ನೋಡಿಕೊಳ್ಳುವುದು ಎಂದು ಮಾತಾಗಿತ್ತು. ಯಾರು ಎಂದು ಅವರು ಹೇಳಿರಲಿಲ್ಲ. ಬಸ್ಸಿನಲ್ಲಿ ಕೂತಾಗಲೆಲ್ಲ ಮನಸ್ಸಿನಲ್ಲೇ ನಾನು ಅದನ್ನು ಜೋಡಿಸುತ್ತಿದ್ದೆ. ಹಿಂದೆ ಎತ್ತರದ ಪಪೈರಸ್, ನಡುವೆ ಛತ್ರಿ ಜೊಂಡು, ಮುಂದೆ ಇಟ್ಟಿಗೆಯ ಮೇಲೆ ಕುಳ್ಳ ತಳಿ. ಕುಂಡಕ್ಕೆ ಕೆರೆಯ ಗೋಡು, ನೀರು ಕದಡದಂತೆ ಮೇಲೊಂದು ಪದರ ಜಲ್ಲಿ, ಅದರ ಮೇಲೆ ನಾಲ್ಕು ಬೆರಳು ನೀರು. ಬಿಳಿ ಅಂಚಿನ ಚಿಕ್ಕ ಜೊಂಡಿಗೆ ನಮ್ಮ ಬಿಸಿಲು ಆಗುವುದಿಲ್ಲ, ಬುಡದಲ್ಲಿ ನೀರು ನಿಂತರೂ ಆಗುವುದಿಲ್ಲ, ಅದನ್ನು ಕಟ್ಟೆಯ ಮೇಲೆ ಮರದ ಕಡೆಗೆ ಇಡಬೇಕು.

ಅಷ್ಟರಲ್ಲಿ ಸೌಮ್ಯ ತನ್ನ ಮೂರು ಟ್ರೇಗಳನ್ನು ತೊಟ್ಟಿಯಲ್ಲಿಟ್ಟಳು. ಬಿಳಿ ನಕ್ಷತ್ರದಂಥ ಹೂ ಬಿಡುವ ಜೊಂಡಿನ ಬೀಜವನ್ನು ಕಾಲೇಜಿನಿಂದ ತಂದು ಬಿತ್ತಿದ್ದಳು. ನಮ್ಮಲ್ಲಿ ಜೊಂಡನ್ನು ಬೀಜದಿಂದ ಯಾರೂ ಎಬ್ಬಿಸಿರಲಿಲ್ಲ. ನಾನು ಬುಡ ಸೀಳಿ ನೆಟ್ಟವಳು, ತಲೆ ಮುಳುಗಿಸಿ ಬೇರು ಬರಿಸಿದವಳು, ಬೀಜ ನನಗೆ ಗೊತ್ತಿಲ್ಲ. ಕೂದಲಿನಷ್ಟು ತೆಳುವಾದ ಹಸಿರು ಎದ್ದಿತ್ತು. ಅವಳು ಬಗ್ಗಿ ಬಗ್ಗಿ ಫೋನಿನಲ್ಲಿ ಫೋಟೋ ಹಿಡಿಯುತ್ತಿದ್ದಳು. ಶಿವರಾಮಣ್ಣನೂ ಬಗ್ಗಿ ನೋಡುತ್ತಿದ್ದರು. ನನ್ನ ಬಾನಿಯ ಬೇರು ನೋಡಲು ಅವರು ಅಷ್ಟು ಬಗ್ಗಿದ ನೆನಪಿಲ್ಲ.

ಏಪ್ರಿಲ್ ಎರಡನೇ ವಾರ. ಅವತ್ತು ಸೌಮ್ಯ ಬಾಕಿ ವಿಷಯದ ಪರೀಕ್ಷೆಗೆ ಮಂಡ್ಯಕ್ಕೆ ಹೋಗಿದ್ದಳು. ಶಿವರಾಮಣ್ಣ ಗೊಬ್ಬರ ತರಲು ಮಳವಳ್ಳಿಗೆ ಹೊರಟರು. ಗಾಡಿ ಗೇಟು ದಾಟುವಾಗ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು.

"ಪಟ್ಟಲಮ್ಮೋ! ಆ ತೊಟ್ಟಿ ಸಸಿಗೆ ಬುಟ್ಬುಡಿ. ಬ್ಯಾರೆ ಏನೂ ಮಡಗ್ಬ್ಯಾಡಿ ಅದ್ರಲ್ಲಿ. ನಾಳೆ ಬತ್ತೀನಿ."

ನನ್ನ ಕೈಯಲ್ಲಿದ್ದ ಕುಂಡ ಕೈಯಲ್ಲೇ ಉಳಿಯಿತು.

ಪಟ್ಟಲಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು. "ಕೇಳುಸ್ತೇನೇ ಸಸಿ? ತೊಟ್ಟಿ ನಿಂಗಂತೆ. ಇನ್ನೇನವ್ವ, ಇಳ್ದು ಸ್ನಾನ ಮಾಡು!"

ನಿಜಕ್ಕೂ ಹಾಗೆ ತಿಳಿದಳೋ, ಚೊಂಬು ನೀರು ಹಿಡಿದ ಹಾಗೆ ತಮಾಷೆ ಮಾಡಿದಳೋ, ನಾನು ಕೇಳಲಿಲ್ಲ. ಕೇಳಿದರೆ ತಮಾಷೆ ಆಗಿಬಿಡಬಹುದಿತ್ತು.

ಮೊದಲು ಸೌಮ್ಯಳ ಟ್ರೇಗಳನ್ನು ಎತ್ತಿದೆ. ನೆರಳುಬಲೆಯ ಕೆಳಗೆ ಜಾಗವಿತ್ತು. ನಾಲ್ಕು ಹೆಜ್ಜೆ ಹೆಚ್ಚು ನಡೆಯಬೇಕಿತ್ತು, ಅಷ್ಟೇ. ನಾನು ಅವನ್ನು ಪಂಪ್‌ಹೌಸಿನ ಮುಂದಿನ ಕಲ್ಲುಚಪ್ಪಡಿಯ ಮೇಲಿಟ್ಟೆ.

"ಅಲ್ಲಿ ಬಿಸ್ಲು ಬತ್ತದೆ ಕಣವ್ವ" ಎಂದಳು ಪಟ್ಟಲಮ್ಮ.

"ಆಮೇಲ್ ಎತ್ತಿ ಮಡಗ್ತೀನಿ ಬುಡಜ್ಜಿ."

ತೊಟ್ಟಿ ತುಂಬುವ ಹೊತ್ತಿಗೆ ಹನ್ನೊಂದಾಗಿತ್ತು. ಬಸ್ಸಿನಲ್ಲಿ ಜೋಡಿಸಿದ್ದ ಹಾಗೆಯೇ ಜೋಡಿಸಿದೆ. ಪಪೈರಸ್ಸಿನ ಒಣಗಿದ ಕಡ್ಡಿಗಳನ್ನು ಬುಡಮಟ್ಟ ಕೊಯ್ದೆ. ತುದಿ ಕಂದಿದ ಎಲೆಗಳನ್ನು ಸವರಿದೆ. ಇಕ್ಕಟ್ಟಾದ ಎರಡು ಬುಡಗಳನ್ನು ಕುಡುಗೋಲಿನಿಂದ ಸೀಳಿ ನಾಲ್ಕು ಕುಂಡ ಮಾಡಿದೆ. ನೀರು ಬಿಡಲು, ಬಕೆಟ್ಟು ತರಲು ಪಂಪ್‌ಹೌಸಿಗೆ ಎರಡು ಸಲ ಹೋದೆ. ಎರಡು ಸಲವೂ ಟ್ರೇಗಳ ಪಕ್ಕವೇ ಹಾದುಹೋದೆ. ಮೊದಲ ಸಲ ಹಸಿರು ನಿಂತಿತ್ತು. ಎರಡನೇ ಸಲ ಮಲಗಿತ್ತು. ಕೈಯಲ್ಲಿ ತುಂಬಿದ ಬಕೆಟ್ಟಿತ್ತು.

ಸಾಯಂಕಾಲ ಗಾಳಿ ಬೀಸಿದಾಗ ತೊಟ್ಟಿಯ ಕೊಡೆಗಳೆಲ್ಲ ಒಟ್ಟಿಗೆ ತಲೆಯಾಡಿಸಿದವು. ಅಷ್ಟು ಚೆಂದದ್ದನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಮನೆಗೆ ಹೋಗುವಾಗ ಟ್ರೇಗಳನ್ನು ನೆರಳುಬಲೆಯ ಕೆಳಗೆ ತಂದಿಟ್ಟೆ, ಹೇಳಿದ ಮಾತು ಉಳಿಸಿಕೊಂಡವಳ ಹಾಗೆ.

ಮರುದಿನ ಬೆಳಿಗ್ಗೆ ಶಿವರಾಮಣ್ಣ ಗಾಡಿ ಇಳಿದು ತೊಟ್ಟಿಯ ಮುಂದೆ ನಿಂತರು. "ಏನಮ್ಮ ಇದು?"

"ನೀವೇ ಹೇಳುದ್ರಲ್ಲಣ್ಣ. ತೊಟ್ಟಿ ಸಸಿಗೆ ಬುಡಿ ಅಂತ." ನನ್ನ ಜೀವಮಾನದಲ್ಲಿ ಅವರಿಗೆ ಹೇಳಿದ ಅತಿ ಉದ್ದದ ಮಾತು ಅದೇ ಇರಬೇಕು.

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಸೊಂಟ ಬಗ್ಗಿಸಿ ನಗಲು ಶುರುಮಾಡಿದರು. "ಅಯ್ಯೋ ನಿನ್ನ! ಸಸಿಗೆ ಅಂದ್ರೆ ಸಸಿಗೆ ಕಣಮ್ಮ! ಸೌಮ್ಯ ಎಬ್ಸವ್ಳಲ್ಲ, ಆ ಸಸಿಗೆ! ಈ ಸಸಿಗಲ್ಲ!"

ಪಟ್ಟಲಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಗೊಬ್ಬರ ಇಳಿಸುತ್ತಿದ್ದವರೂ ನಕ್ಕರು. ಅಷ್ಟರಲ್ಲಿ ಸೌಮ್ಯ ಬಸ್ಸಿಳಿದು ಬಂದಳು, ಏನೆಂದು ಕೇಳಿಸಿಕೊಂಡಳು, ಅವಳಿಗೂ ನಗು ಬಂತು. ನಗುತ್ತಲೇ ಟೋಪಿ ತೆಗೆಯುತ್ತಾ, "ನನ್ ಟ್ರೇ ಎಲ್ಲಿ ಶಶಿಅಕ್ಕ?" ಎಂದಳು.

ನಾನು ನೆರಳುಬಲೆಯ ಕಡೆ ಕೈ ತೋರಿಸಿದೆ.

ಅವಳು ಹೋಗಿ ನೋಡಿದಳು. ಮಣ್ಣು ಬಿರುಕು ಬಿಟ್ಟು ಟ್ರೇಯ ಅಂಚಿನಿಂದ ಬೇರ್ಪಟ್ಟಿತ್ತು. ಹಸಿರಿದ್ದ ಕಡೆ ಹಳೆಯ ಪೊರಕೆಯಿಂದ ಉದುರಿದ ಪುಡಿಯಂಥದ್ದು. ಶಿವರಾಮಣ್ಣನೂ ಬಂದು ಬಗ್ಗಿದರು, ತುಟಿಯಲ್ಲಿ ಚ್ ಚ್ ಎಂದರು.

"ಒಂದೇ ದಿನುಕ್ಕೆ ಎಂಗ್ ಒಣಗ್ದೋ? ಏಪ್ರಿಲ್ ಬಿಸ್ಲು ಅಂದ್ರೆ ಬಿಸ್ಲಪ್ಪ." ಅವರಿಗೆ ಕೋಪ ಬರಲಿಲ್ಲ, ನಗುವೇ ಇನ್ನೂ ಮುಗಿದಿರಲಿಲ್ಲ. "ವೋಗ್ಲಿ ಬುಡು ಸೌಮ್ಯ, ಇನ್ನೊಂದ್ ದಪ ಬಿತ್ತುವಂತೆ. ತೊಟ್ಟಿ ಈ ಸಸಿಗೇ ಇರ್ಲಿ, ಚೆನ್ನಾಗ್ ಮಡಗವ್ಳೆ. ಆ ಸಸಿ ಈಗ್ ಎಲ್ಲದೆ?"

ತೊಟ್ಟಿ ನನಗೆ ಸಿಕ್ಕಿದ್ದು ಹಾಗೆ.

ಅವರು ಹೋದ ಮೇಲೆ ಸೌಮ್ಯ ಬಿಸಿಲು ಬೀಳುವ ಕಡೆಗಳನ್ನೆಲ್ಲ ನೋಡುತ್ತಾ ಪಂಪ್‌ಹೌಸಿನ ಕಲ್ಲುಚಪ್ಪಡಿಯ ಹತ್ತಿರ ಹೋದಳು. ಅದರ ಮೇಲೆ ಮೂರು ಟ್ರೇಗಳ ಕೆಸರಿನ ಗುರುತು ಒಣಗಿ ಚೌಕಚೌಕವಾಗಿ ಉಳಿದಿತ್ತು. ಒರೆಸಬೇಕೆಂದು ನನಗೆ ಹೊಳೆದಿರಲಿಲ್ಲ. ಅವಳು ವಾಪಸು ಬಂದು ನನ್ನ ಮುಂದೆ ನಿಂತು ಮೆಲ್ಲಗೆ ಕೇಳಿದಳು.

"ತೊಟ್ಟಿಯಿಂದ ತೆಗ್ದಿದ್ದು ಗೊತ್ತಾಯ್ತು ಶಶಿಅಕ್ಕ. ನೀವಂದ್ಕೊಂಡಿದ್ದು ಸರಿ, ಆ ಮಾತೇ ಹಂಗದೆ. ಆದ್ರೆ ಬಲೆ ಕೆಳಗೆ ಜಾಗ ಇತ್ತಲ್ಲ. ಅಲ್ಯಾಕಿಟ್ರಿ?"

ನನ್ನ ಹೆಸರಿನ ಎರಡೂ ಶ ಆಗಲೂ ತುಂಬಿದ್ದವು. ಅದರಲ್ಲಿ ಓದು ತೋರಿಸುವುದು ಏನೂ ಇರಲಿಲ್ಲ. ಅವಳು ಇರುವ ಹೆಸರನ್ನು ಇರುವ ಹಾಗೆ ಹೇಳುತ್ತಿದ್ದಳು, ಅಷ್ಟೇ. ನಾನು ಕುಂಡದ ಜಲ್ಲಿಯನ್ನು ಸರಿಮಾಡುತ್ತಾ ಬಗ್ಗಿಕೊಂಡೇ ಇದ್ದೆ. ಅವಳ ಚಪ್ಪಲಿ ಸ್ವಲ್ಪ ಹೊತ್ತು ಅಲ್ಲೇ ಇತ್ತು, ಆಮೇಲೆ ಇರಲಿಲ್ಲ.

ಅದಾಗಿ ಹತ್ತು ದಿನ. ಅವಳು ಜಗಳವಾಡಿಲ್ಲ, ಯಾರಿಗೂ ದೂರು ಹೇಳಿಲ್ಲ. ನನ್ನನ್ನು ಕರೆಯುವುದನ್ನು ಮಾತ್ರ ಬಿಟ್ಟಿದ್ದಾಳೆ. ಕುಡುಗೋಲು ಬೇಕಾದರೆ ತಾನೇ ಎದ್ದು ಬಂದು ತೆಗೆದುಕೊಳ್ಳುತ್ತಾಳೆ. "ಯಾಕ್ರವ್ವ, ಇಬ್ರ ಬಾಯ್ಗೂ ಗೋಂದು ಆಕೊಂಡಿದ್ದೀರ?" ಎಂದು ಪಟ್ಟಲಮ್ಮ ಕೆಣಕಿದರೂ ಇಬ್ಬರೂ ನಗುವುದಿಲ್ಲ. ಕಾರಿನವರು ಈಗ ತೊಟ್ಟಿಯ ಮುಂದೆ ನಿಂತು, "ಯಾರು ಮಾಡಿದ್ದು?" ಎಂದು ಕೇಳುತ್ತಾರೆ. ಶಿವರಾಮಣ್ಣ ನನ್ನನ್ನು ತೋರಿಸುತ್ತಾರೆ. ನನಗೆ ಕಾಣುವುದು ಮಾತ್ರ ಬಲೆಯ ಕೆಳಗೆ ಬೆನ್ನು ಮಾಡಿ ಕೂತಿರುವ ಆ ಬಟ್ಟೆಯ ಟೋಪಿ. ತೊಟ್ಟಿ ಇಲ್ಲದೆಯೂ ಅವಳು ಹೇಗೆ ಅಷ್ಟು ನೆಟ್ಟಗೆ ಕೂತಿರುತ್ತಾಳೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ನಿನ್ನೆ, ಬಲೆಯ ಕೆಳಗೆ ಪಕ್ಕದ ಕುಂಡಗಳ ನೀರು ಸಿಡಿಯುತ್ತಾ ಬಿದ್ದಿದ್ದ ಆ ಟ್ರೇಗಳನ್ನು ತೊಳೆಯಲು ಎತ್ತಿದೆ. ಒಂದು ಟ್ರೇಯ ಮೂಲೆಯಲ್ಲಿ, ಪಂಪ್‌ಹೌಸಿನ ಗೋಡೆಯ ನೆರಳು ಬಿದ್ದಿರಬಹುದಾದ ಕಡೆ, ಮೂರು ಕೂದಲೆಳೆ ಹಸಿರಾಗಿ ನಿಂತಿದ್ದವು. ಬೆರಳ ನಡುವೆ ಹೊರಳಿಸಿ ನೋಡುವಷ್ಟೂ ದಪ್ಪವಿಲ್ಲ. ಜೇಕು ಇದ್ದರೂ ಇರಬಹುದು, ನನಗೆ ಗೊತ್ತಾಗಲಿಲ್ಲ. ಬೇರು ಅಲುಗದಂತೆ ಮಣ್ಣಿನ ಸಮೇತ ಎತ್ತಿ ಚಿಕ್ಕ ಕುಂಡಕ್ಕೆ ಹಾಕಿ, ತೊಟ್ಟಿಯ ಮುಂದಿನ ಇಟ್ಟಿಗೆಯ ಮೇಲೆ, ಅತಿ ಒಳ್ಳೆಯ ಜಾಗದಲ್ಲಿ ಇಟ್ಟೆ.

ಹೀಗೆ ಇವತ್ತು ಬಕೆಟ್ಟಿನ ಆಚೆ ಅವಳು, ಈಚೆ ನಾನು. ನಾನು ಕತ್ತರಿ ಕೆಳಗಿಟ್ಟು, ಎದ್ದು ಹೋಗಿ, ಆ ಕುಂಡವನ್ನು ತಂದು ಅವಳ ಮುಂದೆ ಹಿಡಿದೆ. ಅವಳು ಅದನ್ನು ನೋಡಿದಳು. ನೋಡಿದ್ದು ನಾನು ನೋಡಿದೆ. ಮತ್ತೆ ಒಂದು ತಲೆ ಕೈಗೆತ್ತಿಕೊಂಡು ಎಲೆ ಸವರತೊಡಗಿದಳು.

"ಸೌಮ್ಯ, ಇವುಕ್ಕೆ ಎಷ್ಟು ನೀರು ಬೇಕು, ಒಸಿ ಹೇಳ್ಕೊಡವ್ವ."

ಕಚಕ್, ಕಚಕ್ ಎಂದು ಅವಳ ಕತ್ತರಿ ಆಡುತ್ತಲೇ ಇತ್ತು.