ಮೂವರಿದ್ದರೆ ಮೂರು, ಇಬ್ಬರಿದ್ದರೆ ಎರಡು

ಸಂಜೆ ಕೆಲಸ ಬಿಟ್ಟು ಮಿಲ್ಪಿಟಾಸ್‌ನಿಂದ ಹೇವರ್ಡ್ ಕಡೆಗೆ ಹೊರಡುವವರಿಗೆ ೮೮೦ನೇ ಹೆದ್ದಾರಿಯ ಸುಖವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರು ಇರುತ್ತದೆ, ಪೆಟ್ರೋಲ್ ಇರುತ್ತದೆ, ರಸ್ತೆಯೂ ಇರುತ್ತದೆ. ಮುಂದೆ ಹೋಗುವುದೊಂದು ಇರುವುದಿಲ್ಲ. ಎಲ್ಲರೂ ಗೌರವದಿಂದ ಡೋನ್ಯಾ, ಅಂದರೆ ಅಮ್ಮಾವ್ರು, ಎಂದು ಕರೆಯುವ ಕೂಕಾಳ ಲೆಕ್ಕದಲ್ಲಿ ಅದು ಹೆದ್ದಾರಿಯಲ್ಲ, ನಿಲ್ದಾರಿ.

ಕೂಕಾ ಮತ್ತು ಅವಳ ಮಗಳು ಯೆಸೇನಿಯಾ ಕೆಲಸ ಮಾಡುವುದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ. ಮಗಳು ಇಸ್ತ್ರಿ ಯಂತ್ರದ ಬಳಿ, ತಾಯಿ ಹಾಸಿಗೆ ಬಟ್ಟೆ ಮಡಚುವ ಮೇಜಿನ ಬಳಿ. ಆ ಮೇಜಿಗೆ ಕೂಕಾಳೇ ರೇಡಿಯೊ. ಮೇಸ್ತ್ರಿ ಕೆಮ್ಮುವುದು, ಪಾದ್ರಿಗಳು ಪ್ರವಚನದ ನಡುವೆ ಆಕಳಿಕೆ ನುಂಗುವುದು, ಹಬೆ ಯಂತ್ರ ಕೆಡುವ ಮುಂಚೆ ಗೊರಗುಟ್ಟುವುದು, ಎಲ್ಲವನ್ನೂ ಅವಳು ಗಂಟಲಲ್ಲೇ ತೆಗೆದು ತೋರಿಸುತ್ತಿದ್ದಳು. ಹೆಂಗಸರು ನಕ್ಕು ನಕ್ಕು ಮಡಚಿದ್ದನ್ನೇ ಮತ್ತೆ ಮಡಚುತ್ತಿದ್ದರು.

ಆದರೆ ಈಚೆಗೆ ಕಾರಿನೊಳಗೆ ನಗು ಇರಲಿಲ್ಲ. ಯೆಸೇನಿಯಾಳ ಪುಟ್ಟ ಮಗಳು ಇಚೆಲ್ ಹಗಲೆಲ್ಲ ಹೇವರ್ಡ್‌ನಲ್ಲಿ ಮಿಸ್ ಒತಿಲಿಯಾ ಎಂಬಾಕೆ ನಡೆಸುವ ಶಿಶುವಿಹಾರದಲ್ಲಿರುತ್ತಿದ್ದಳು. ಆರು ಗಂಟೆಗೆ ಅಲ್ಲಿ ಬಾಗಿಲು ಹಾಕುತ್ತಾರೆ. ಇವರು ಎಷ್ಟೋ ಸಲ ತಡವಾಗಿ ಹೋಗಿದ್ದರು. ಹೋದ ವಾರ ಒತಿಲಿಯಾ ಬೇಸರದಿಂದಲೇ ಹೇಳಿದ್ದಳು: ಇನ್ನೊಮ್ಮೆ ತಡವಾದರೆ ಕೂಸಿನ ಜಾಗವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ಕಾಯುವವರು ಬಹಳ ಜನ ಇದ್ದಾರೆ.

ಕೂಕಾ ಆ ಮಾತನ್ನೂ ಕಾರಿನಲ್ಲಿ ಅಣಕಿಸಿದಳು, ಮೂಗಿನ ಮೇಲೆ ಕನ್ನಡಕ ಜಾರಿಸಿಕೊಂಡ ಹಾಗೆ ಮಾಡಿ. "ನಂಗೂ ಮನೆ ಇದೆ ಡೋನ್ಯಾ, ನಂಗೂ ಅಡುಗೆ ಇದೆ." ಯಾರೂ ನಗಲಿಲ್ಲ. ಜಾಗ ಹೋದರೆ ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ನಿಲ್ಲಬೇಕು. ಅದು ತಾನೇ ಎಂದು ಕೂಕಾಳಿಗೆ ಗೊತ್ತಿತ್ತು. ಮೊಮ್ಮಗಳೆಂದರೆ ಅವಳಿಗೆ ಪ್ರಾಣ. ಆದರೆ ಆ ಮೇಜು, ಆ ಹೆಂಗಸರು, ಆ ನಗು? ಅದನ್ನು ಬಿಟ್ಟು ಮನೆಯಲ್ಲಿ ಕೂತರೆ ಅಣಕಿಸಲು ಗೋಡೆ ಗಡಿಯಾರವೊಂದೇ ಗತಿ.

ಆ ಸೋಮವಾರ ಅವರ ಕಾರಿಗೆ ಲಿಗಾಯಾ ಸೇರಿಕೊಂಡಳು. ಅದೇ ಮೇಜಿನವಳು, ಫಿಲಿಪೀನ್ಸ್ ಮೂಲದವಳು. ಅವಳು ದಿನಾ ಬರುತ್ತಿದ್ದ ಕಾರಿನ ಗೆಳತಿಗೆ ಬೇರೆ ಪಾಳಿ ಸಿಕ್ಕಿತ್ತು. ಹಿಂದಿನ ಸೀಟಿನಲ್ಲಿ ಕೂತು, ತಂದ ಬನ್ನುಗಳನ್ನು ಹಂಚಿ, ಕಿಟಕಿಯಾಚೆ ನೋಡಿದಳು. ಬಲಗಡೆಯ ಲೇನುಗಳೆಲ್ಲ ಆಮೆಗಳ ಮೆರವಣಿಗೆಯಾಗಿದ್ದವು. ಎಡತುದಿಯ, ಟೋಲ್ ಕೊಟ್ಟು ಹೋಗುವ ಎಕ್ಸ್‌ಪ್ರೆಸ್ ಲೇನಿನಲ್ಲಿ ಕಾರುಗಳು ನೀರು ಹರಿದ ಹಾಗೆ ಹೋಗುತ್ತಿದ್ದವು.

"ನಾವು ಮೂರು ಜನ ಇದ್ದೀವಿ. ಮೂವರಿಗೆ ಅಲ್ಲಿ ಟೋಲೇ ಇಲ್ಲ. ಯಾಕೆ ಹೋಗ್ತಿಲ್ಲ?" ಎಂದಳು ಲಿಗಾಯಾ.

ಕೂಕಾ ಇದಕ್ಕೇ ಕಾಯುತ್ತಿದ್ದವಳಂತೆ ತಿರುಗಿ ಕೂತಳು. ಅದು ದುಡ್ಡಿರುವವರ ಲೇನು ಎಂದಳು. ಒಂದು ಸಲ ತಾಯಿ ಮಗಳು ಹೋಗಿ ನೋಡಿದ್ದರಂತೆ. ಇಬ್ಬರಿದ್ದರೆ ಅರ್ಧ ಟೋಲ್ ಎಂದು ಬೋರ್ಡಿನಲ್ಲಿ ಬರೆದಿತ್ತು. ಆದರೆ ಒಬ್ಬರೇ ಹೋದವರ ಹಾಗೆ ಪೂರ್ತಿ ಟೋಲ್ ಕಿತ್ತುಕೊಂಡಿತ್ತು. "ಟೋಲ್ ಕಟ್ಟೋ ಟ್ಯಾಗ್ ಡಬ್ಬಿ ತಗೊಂಡಿದ್ವಿ, ಅದರ ಗುಂಡಿ ಎರಡು ಅಂತ ಇಟ್ಟಿದ್ವಿ, ಎಲ್ಲ ಸರಿಯಾಗೇ ಮಾಡಿದ್ವಿ. ಆ ಡಬ್ಬಿಗೆ ಕಣ್ಣಿಲ್ಲ, ಬಾಯಿ ಮಾತ್ರ ಇದೆ."

ಡಬ್ಬಿ ಎಲ್ಲಿ ಎಂದು ಲಿಗಾಯಾ ಕೇಳಿದಳು. ಕೂಕಾ ಮುಂದಿನ ಖಾನೆ ತೆರೆದು, ಕಾರಿನ ಕಾಗದಗಳ ಅಡಿಯಿಂದ ಬೆಳ್ಳಿಬಣ್ಣದ ಚೀಲವೊಂದನ್ನು ತೆಗೆದು ಹೆಮ್ಮೆಯಿಂದ ಎತ್ತಿ ತೋರಿಸಿದಳು. ಹೊಸ ವಸ್ತುವಿನ ಹೊದಿಕೆ ಬಿಚ್ಚುವುದು ಅವಳ ಮನೆಯ ಪದ್ಧತಿಯಲ್ಲ. ಸೋಫಾಕ್ಕೆ ಅಂಗಡಿಯ ಪ್ಲಾಸ್ಟಿಕ್ ಇನ್ನೂ ಇದೆ. ಟಿವಿಯ ರಿಮೋಟು ಇಂದಿಗೂ ತನ್ನ ಕವರಿನೊಳಗೇ ಕೆಲಸ ಮಾಡುತ್ತದೆ. ಹಾಗಿರುವಾಗ ಡಬ್ಬಿಯನ್ನು ಬಿಸಿಲಿಗೆ ಯಾಕೆ ಬಿಡಬೇಕು? ಅದು ಬಂದ ಚೀಲದಲ್ಲೇ ಭದ್ರವಾಗಿತ್ತು.

ಲಿಗಾಯಾ ಬಾಯಿಗೆ ಕೈ ಅಡ್ಡ ಹಿಡಿದಳು. ಭುಜ ಮಾತ್ರ ಕುಲುಕುತ್ತಿತ್ತು.

"ಡೋನ್ಯಾ, ನೀವು ಅದರ ಬಾಯಿಗೆ ಬಟ್ಟೆ ತುರುಕಿ ಮಾತಾಡು ಅಂದಿದ್ದೀರಿ."

ಆಮೇಲೆ ಅವಳು ವಿವರಿಸಿದಳು. ರಸ್ತೆಯ ಮೇಲೆ ಅಲ್ಲಲ್ಲಿ ಇರುವ ಕಮಾನುಗಳಿಂದ ಕಣ್ಣಿಗೆ ಕಾಣದ ರೇಡಿಯೊ ಅಲೆ ಬರುತ್ತದೆ. ಕೆಳಗೆ ಹಾಯುವ ಪ್ರತಿ ಕಾರನ್ನೂ ಅದು "ಯಾರು ನೀನು, ಎಷ್ಟು ಜನ?" ಎಂದು ಕೇಳುತ್ತದೆ. ಮುಂದಿನ ಗಾಜಿಗೆ ಅಂಟಿಸಿದ ಡಬ್ಬಿ ಉತ್ತರ ಕೊಡುತ್ತದೆ. ಕಾರು ನಿಲ್ಲುವುದೂ ಬೇಡ, ಕಿಟಕಿ ಇಳಿಸುವುದೂ ಬೇಡ. ಬೆಳ್ಳಿ ಚೀಲ ಇರುವುದು ಡಬ್ಬಿ ಮಾತಾಡುವುದು ಬೇಡ ಎಂದಾಗ ಮುಚ್ಚಿಡಲು. ಅಲೆ ಅದರೊಳಗೆ ಹೋಗುವುದಿಲ್ಲ. ಡಬ್ಬಿ ಉತ್ತರ ಕೊಡದಿದ್ದರೆ ಕ್ಯಾಮೆರಾ ನಂಬರ್ ಪ್ಲೇಟಿನ ಚಿತ್ರ ತೆಗೆದು, ಒಬ್ಬರೇ ಇದ್ದಾರೆಂದು ಲೆಕ್ಕ ಹಾಕಿ ಅದೇ ನಂಬರಿನ ಖಾತೆಯಿಂದ ಪೂರ್ತಿ ಟೋಲ್ ಕಳೆಯುತ್ತದೆ. ಖಾತೆಯೇ ಇಲ್ಲದವರಿಗೆ ದಂಡದ ನೋಟಿಸು ಮನೆಗೆ ಬರುತ್ತದೆ.

ಕೂಕಾ ಚೀಲದಿಂದ ಡಬ್ಬಿಯನ್ನು ಹೊರತೆಗೆದು ತಿರುಗಿಸಿ ತಿರುಗಿಸಿ ನೋಡಿದಳು. ಕೋಪ ಹೋಗಿ ಕುತೂಹಲ ಬಂದಿತ್ತು. ಅವಳಿಗೆ ಕುತೂಹಲ ಬಂದರೆ ಅಣಕವೂ ಜೊತೆಯಲ್ಲೇ ಬರುತ್ತದೆ. ಕಮಾನಿನ ದಪ್ಪ ದನಿಯಲ್ಲಿ "ಎಷ್ಟು ಜನ?" ಎಂದಳು, ಡಬ್ಬಿಯ ಕೀರಲು ದನಿಯಲ್ಲಿ "ಮೂರು, ಸ್ವಾಮಿ" ಎಂದಳು. ಬಹಳ ದಿನಗಳ ಮೇಲೆ ಯೆಸೇನಿಯಾ ಕಾರಿನೊಳಗೆ ನಕ್ಕಳು.

ಮತ್ತೆ ಪ್ರಶ್ನೆಗಳು. ಮೂವರಿದ್ದರೆ ಈ ರಸ್ತೆಯಲ್ಲಿ ಟೋಲೇ ಇಲ್ಲ ಅಂತೀಯ, ಹಾಗಾದರೆ ಡಬ್ಬಿ ಯಾಕೆ ಬೇಕು? ಮೂವರಿದ್ದೀರಿ ಅಂತ ಕಮಾನಿಗೆ ಹೇಳುವವರಾರು, ಅದಕ್ಕೇ ಬೇಕು ಎಂದಳು ಲಿಗಾಯಾ. ಬೋರ್ಡಿನ ಮೇಲಿನ ದರ ಗಳಿಗೆಗೊಂದು ಯಾಕೆ? ಅದನ್ನು ಮಾತ್ರ ಕೂಕಾ ಸುಮ್ಮನೆ ಬಿಡಲಿಲ್ಲ.

"ಜನ ಕಷ್ಟದಲ್ಲಿದ್ದಾಗ್ಲೇ ರೇಟು ಏರಿಸ್ತಾರೆ. ಇದು ಯಾವ ನ್ಯಾಯ?"

"ದರಾನೇ ಅಲ್ಲಿ ಬಾಗಿಲು ಕಾಯೋನು ಡೋನ್ಯಾ. ಅಗ್ಗ ಆದ್ರೆ ಎಲ್ಲರೂ ಆ ಕಡೆಗೇ ನುಗ್ತಾರೆ. ಆಮೇಲೆ ಅದೂ ಈ ಲೇನೇ ಆಗುತ್ತೆ. ಜನ ಕಡಿಮೆ ಆದ್ರೆ ದರಾನೂ ಇಳಿಯುತ್ತೆ. ನೀವು ಒಳಗೆ ಹೋಗುವಾಗ ಬೋರ್ಡಲ್ಲಿ ಕಂಡದ್ದೇ ನಿಮ್ಮ ದರ, ಆಮೇಲೆ ಎಷ್ಟು ಏರಿದ್ರೂ ನಿಮಗೆ ಸಂಬಂಧ ಇಲ್ಲ."

ಕೂಕಾ ಪೂರ್ತಿ ಒಪ್ಪಲಿಲ್ಲ, ಆದರೆ ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಲಿಲ್ಲ. ಅವಳ ಮಟ್ಟಿಗೆ ಅದು ಬಹಳ. ಆ ಸಂಜೆ ಹೇಗೋ ಆರಕ್ಕೆ ಸರಿಯಾಗಿ ಮುಟ್ಟಿದರು. ಮಾರನೆಯ ದಿನ ಕಾರು ಹೊರಡುವ ಮುಂಚೆ ಡಬ್ಬಿ ಗಾಜಿಗೆ ಅಂಟಿತು, ಗುಂಡಿ ಮೂರಕ್ಕೆ ಸರಿಯಿತು. ಅಂದೂ ಅದರ ಮಾರನೆಯ ದಿನವೂ ಅವರು ಬಾಗಿಲು ಹಾಕುವುದಕ್ಕೆ ಬಹಳ ಮುಂಚೆಯೇ ಇಚೆಲ್‌ಳನ್ನು ಎತ್ತಿಕೊಂಡರು.

ಗುರುವಾರ ಕಷ್ಟ ಬಂತು. ಲಿಗಾಯಾಳಿಗೆ ಹೆಚ್ಚುವರಿ ಕೆಲಸ ಬಿತ್ತು, ಅವಳು ಬರಲಿಲ್ಲ. ದಾರಿಯಲ್ಲಿ ಎಲ್ಲೋ ಲಾರಿ ಮಗುಚಿದೆ ಎಂದು ಫೋನಿನ ನಕ್ಷೆ ತುಂಬ ಕೆಂಪು. ಮಾಮೂಲಿ ಲೇನಿನಲ್ಲಿ ಹೋದರೆ ಆರಕ್ಕೆ ಮುಟ್ಟುವ ಮಾತೇ ಇಲ್ಲ.

ಕಾರ್ಖಾನೆಯ ಅಂಗಳದಲ್ಲೇ ಕೂಕಾ ಹಿಂದಿನ ಸೀಟಿಗೆ ತನ್ನ ಕೋಟು ತೊಡಿಸಿದಳು, ಒಳಗೆ ಊಟದ ಚೀಲಗಳನ್ನು ತುರುಕಿದಳು, ಮೇಲೊಂದು ಟೊಪ್ಪಿಗೆ ಇಟ್ಟಳು, ಬೆಲ್ಟು ಬಿಗಿದಳು. ನೋಡಿದರೆ ತೂಕಡಿಸುವ ಲಿಗಾಯಾಳೇ. "ನಾವು ಮೂರು ಜನ ಇದ್ದೀವಿ," ಎಂದು ಅವಳ ದನಿಯಲ್ಲೇ ಕೋಟಿನಿಂದ ಮಾತಾಡಿಸಿದಳು. ಯೆಸೇನಿಯಾಳಿಗೆ ನಗು ಉಕ್ಕಿತು. ನಕ್ಕು ಮುಗಿದ ಮೇಲೆ ಅವಳು ಕಾರಿನ ಕೀಲಿ ತಿರುಗಿಸದೆ ಹಾಗೇ ಕೂತಳು.

"ಅಮ್ಮಾ, ಕಮಾನಿನ ಮೇಲೆ ದೀಪ ಇರುತ್ತೆ. ನಾವು ಎಷ್ಟು ಅಂತ ಇಟ್ಟಿದ್ದೀವೋ ಅದು ಆ ದೀಪದಿಂದಲೇ ಗಸ್ತಿನ ಪೊಲೀಸರಿಗೆ ಗೊತ್ತಾಗುತ್ತೆ. ಅವರು ಪಕ್ಕಕ್ಕೆ ನಿಲ್ಲಿಸಿ ಕೋಟಿನ ಹತ್ರ ಮಾತಾಡ್ತಾ ಕೂತ್ರೆ ಆರು ಗಂಟೆ ಅಲ್ಲೇ ಹೊಡೆಯುತ್ತೆ. ದಂಡ ಕಟ್ಟಬಹುದು. ಒತಿಲಿಯಾಗೆ ಏನು ಹೇಳ್ಲಿ?"

ಕೂಕಾ ಕೋಟನ್ನು ನೋಡಿದಳು. ಕೋಟು ಈಗ ಕೋಟಿನ ಹಾಗೇ ಕಂಡಿತು. ಬೆಲ್ಟು ಬಿಚ್ಚಿ ಅದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಕೈ ಚಾಚಿ, ಗುಂಡಿಯನ್ನು ತಾನೇ ಎರಡಕ್ಕೆ ಸರಿಸಿದಳು.

"ಇಬ್ಬರಿದ್ರೆ ಅರ್ಧ ಅಲ್ವಾ. ಕೊಡೋಣ ಬಿಡು. ನಡಿ."

ಅಂದು ಬೋರ್ಡಿನ ಮೇಲೆ ದರ ಚೆನ್ನಾಗಿಯೇ ಏರಿತ್ತು. ಕೂಕಾ ಅದನ್ನು ನೋಡಿ ಮುಖ ಕಿವುಚಿದಳು. ಬಿಳಿ ಗೆರೆ ತುಂಡುತುಂಡಾಗಿರುವ ಕಡೆ ಯೆಸೇನಿಯಾ ಎಡಕ್ಕೆ ಸರಿದಳು. ಜೋಡಿ ಗೆರೆ ಎಳೆದ ಕಡೆ ದಾಟಬಾರದು, ಅದೂ ಅವಳಿಗೆ ಈಗ ರೂಢಿಯಾಗಿತ್ತು. ಬಲಗಡೆ ಕೆಂಪು ದೀಪಗಳ ಸಾಲು ಹಿಂದೆ ಸರಿಯತೊಡಗಿತು. ಮಗುಚಿದ ಲಾರಿ, ಅದರ ಸುತ್ತ ನಿಂತ ಜನ, ಎಲ್ಲ ಹಿಂದಾಯಿತು.

ಮಿಸ್ ಒತಿಲಿಯಾ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಬೀಗವಿತ್ತು, ಇನ್ನೂ ಹಾಕಿರಲಿಲ್ಲ. ಒಳಗಿನ ಗಡಿಯಾರ ನೋಡಿದಳು, ಇವರನ್ನು ನೋಡಿದಳು. "ರೇಡಿಯೊದಲ್ಲಿ ರಸ್ತೆ ಪೂರ್ತಿ ಬಂದ್ ಅಂದ್ರು. ನೀವೇನು ಹಾರಿ ಬಂದ್ರಾ?" ಎಂದಳು. ಜಾಗದ ಮಾತು ಎತ್ತಲಿಲ್ಲ. ಮುಂದಿನ ತಿಂಗಳು ಇಚೆಲ್‌ಳಿಗೆ ಬೇರೆ ಅಳತೆಯ ಏಪ್ರನ್ನು ಬೇಕು, ತನ್ನಿ ಎಂದು ಮಾತ್ರ ಹೇಳಿದಳು. ಮುಂದಿನ ತಿಂಗಳು! ಕೂಕಾಳಿಗೆ ಅಷ್ಟು ಸಾಕಾಯಿತು.

ಹೇವರ್ಡ್ ದಾಟಿ ಸ್ಯಾನ್ ಲಿಯಾಂಡ್ರೊದಲ್ಲಿರುವ ತಮ್ಮ ಮನೆಗೆ ಇನ್ನೂ ಅದೇ ಹೆದ್ದಾರಿ ಹಿಡಿಯಬೇಕಿತ್ತು. ಕೂಸನ್ನು ಅದರ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕುವಾಗ ಕೂಕಾಳಿಗೆ ಹೊಸ ಅನುಮಾನ ಹುಟ್ಟಿತು. ಲಿಗಾಯಾಳಿಗೆ ಫೋನು ಮಾಡಿದಳು. ಇಷ್ಟುದ್ದದ ಕೂಸು ಲೆಕ್ಕಕ್ಕೆ ಬರುತ್ತದೆಯೇ?

"ಬರುತ್ತೆ ಡೋನ್ಯಾ. ನೆನ್ನೆ ಹುಟ್ಟಿದ ಕೂಸಾದ್ರೂ ಒಂದು ತಲೆ. ನಾಯಿ ಬರಲ್ಲ, ಹೊಟ್ಟೇಲಿರೋ ಕೂಸೂ ಬರಲ್ಲ."

ಗಾಡಿ ಕದಲುವ ಮೊದಲು ಕೂಕಾ ಗುಂಡಿಯನ್ನು ಮೂರಕ್ಕೆ ಸರಿಸಿದಳು. ಹಿಂದಿನಿಂದ ಇಚೆಲ್ ಅಜ್ಜಿ ಅಣಕಿಸುವ ಮೇಸ್ತ್ರಿಯ ಕೆಮ್ಮನ್ನೇ ತೆಗೆದು ತೋರಿಸಿದಳು.

ಓದುವವರೇ, ನೀವೂ ಇಂಥ ರಸ್ತೆಯಲ್ಲಿ ಓಡಾಡುವವರಾದರೆ ಇವತ್ತೇ ಒಮ್ಮೆ ಕಾರಿನ ಬಳಿ ಹೋಗಿ. ಡಬ್ಬಿ ಎಲ್ಲಿದೆ ನೋಡಿ. ಚೀಲದಲ್ಲಿದ್ದರೆ ಹೊರತೆಗೆದು ಗಾಜಿಗೆ ಅಂಟಿಸಿ. ಕಾರಿನ ನಂಬರು ನಿಮ್ಮ ಖಾತೆಗೆ ಸೇರಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಕೆಲವು ರಸ್ತೆಗಳಲ್ಲಿ ಇಬ್ಬರಿದ್ದರೇ ಪುಕ್ಕಟೆ, ಕೆಲವು ಕಡೆ ಮೂವರು ಬೇಕು. ನಿಮ್ಮ ರಸ್ತೆಯ ನಿಯಮವನ್ನು ಕೇಳಿ ತಿಳಿದುಕೊಳ್ಳಿ. ಗುಂಡಿಯನ್ನು ಕಾರು ನಿಂತಿರುವಾಗಲೇ ಸರಿಸಿ. ಯಾರಾದರೂ ಹತ್ತಿದಾಗ, ಇಳಿದಾಗ ಮತ್ತೆ ಸರಿಸಿ. ಹಿಂದಿನ ಸೀಟು ಖಾಲಿ ಇದ್ದರೆ ಅಲ್ಲಿ ಕೋಟು ಕೂರಿಸಬೇಡಿ, ಅದೇ ದಾರಿಯಲ್ಲಿ ಮನೆಗೆ ಹೋಗುವ ಒಬ್ಬ ಗೆಳತಿಯನ್ನು ಕೂರಿಸಿಕೊಳ್ಳಿ. ನಿಮಗಾಗಿಯೂ ಯಾರೋ ಒಬ್ಬರು ಬಾಗಿಲಲ್ಲಿ ಕಾಯುತ್ತಿರುತ್ತಾರೆ.