ಚರಂಡಿ ಹೂವಿನ ಜಾಗ

"ಇನ್ನೊಂಚೂರು ಎಡಕ್ಕೆ... ಹಾಂ, ಇಳಿಸಿ."

ನಾಲ್ವರು ಸೇರಿ ಮಂಚವನ್ನು ಹಿತ್ತಲಿನ ಕಾಂಕ್ರೀಟ್ ನೆಲದ ನಡುವೆ ಇಳಿಸಿದರು. ನಾಲ್ಕು ಕಾಲೂ ಒಟ್ಟಿಗೇ ನೆಲ ಮುಟ್ಟಿದವು. ಬೇರೆ ದಿನವಾಗಿದ್ದರೆ ಗಾರೆ ಮೇಸ್ತ್ರಿ ಅದನ್ನು ನೋಡಿ ಹಿಗ್ಗಿಹೋಗುತ್ತಿದ್ದ. ಆ ನೆಲ ಹಾಕಿದವನು ಅವನೇ. ಮಂಚದ ಮೇಲೆ ಇದ್ದದ್ದು ಬೆಳಗ್ಗೆ ತೀರಿಹೋದ ಅವನ ಮಾವ, ಮೂವತ್ತು ವರ್ಷ ಬಸ್ಸು ಓಡಿಸಿದವರು.

"ಒಳಗೆ ಕಾಲಿಡೋಕೂ ಜಾಗ ಇಲ್ಲ. ಪುಣ್ಯಾತ್ಮ, ಒಳ್ಳೇ ಹೊತ್ತಿಗೆ ನೆಲ ಹಾಕಿದೀಯ ನೋಡು," ಎಂದಳು ಪಕ್ಕದ ಮನೆಯ ದರ್ಜಿ ಹೆಂಗಸು.

ಮೇಸ್ತ್ರಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಬಂದವರ ಕೈಯಲ್ಲೆಲ್ಲ ಒಂದೇ ಹೂವು, ಉದ್ದ ದಂಟಿನ ತುದಿಗೆ ನೇರಳೆ ಗೊಂಚಲು. ಅದರ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮಾವ ರಸ್ತೆ ಬದಿಯ ಚರಂಡಿಯಿಂದ ತಂದದ್ದರಿಂದ ಅದು ಚರಂಡಿ ಹೂವು. ಬೀದಿಗೆಲ್ಲ ಬೇರು ಹಂಚಿದವರ ಮನೆಯಲ್ಲಿ ಮಾತ್ರ ಇವತ್ತು ಒಂದು ಎಸಳೂ ಇರಲಿಲ್ಲ.

ಮಾವನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಮುದುಕರು ಒದ್ದೆ ಗೋಣಿಯಲ್ಲಿ ಸುತ್ತಿದ ಇಡೀ ಗಿಡವನ್ನೇ ಹೊತ್ತು ತಂದರು.

"ಬಸ್ಸು ಪಂಕ್ಚರ್ ಆಗಿ ಜನ ಬಾಯಿಗೆ ಬಂದಂಗೆ ಬಯ್ತಿದಾರೆ, ಈ ಮಹಾರಾಯ ಚರಂಡೀಲಿ ಕೂತು ಟೈರ್ ಬಿಚ್ಚೋ ಕಬ್ಬಿಣದಲ್ಲಿ ಗಿಡ ಕೀಳ್ತಿದಾನೆ! ಸೀಟಿ ಊದಿ ಊದಿ ನನ್ನ ಕೆನ್ನೆ ಬಿದ್ದುಹೋಯ್ತು," ಎಂದರು. ಒಬ್ಬಿಬ್ಬರು ನಕ್ಕು, ಮಂಚದ ಕಡೆ ನೋಡಿ ಬಾಯಿ ಮುಚ್ಚಿಕೊಂಡರು.

ಮುದುಕರು ಗೋಣಿಯ ಗಂಟನ್ನು ಮೇಸ್ತ್ರಿಯ ಕೈಗಿಟ್ಟರು. "ಅವನ ಗಿಡ ಕೊಳೆತುಹೋಯ್ತಂತೆ, ಫೋನಲ್ಲಿ ಹೇಳಿದ. ನನಗಂತೂ ನಂಬಿಕೆ ಬರಲಿಲ್ಲ ಬಿಡಿ. ನೀರಲ್ಲೇ ಬದುಕೋದು ನೀರಿಗೆ ಕೊಳೆಯುತ್ತಾ? ಎಲ್ಲಿತ್ತು ತೋರಿಸಿ ಅಳಿಯಂದ್ರೇ, ಅಲ್ಲೇ ನೆಟ್ಟುಬಿಡೋಣ."

*

ಮೇಸ್ತ್ರಿ ಈ ಮನೆಗೆ ಅಳಿಯನಾಗಿ ಬಂದು ಆಗ ಇನ್ನೂ ಎರಡು ತಿಂಗಳು. ಬೇಸಿಗೆಯಲ್ಲಿ ಮಾವ ಮೂರು ವಾರ ಆಸ್ಪತ್ರೆ ಸೇರಿದರು. ಅತ್ತೆ, ಹೆಂಡತಿ ಇಬ್ಬರೂ ಅಲ್ಲೇ. ಹಿತ್ತಲಲ್ಲಿ ಬಚ್ಚಲ ನೀರು ನಿಂತು ಕೆಸರು. ಕೆಸರಲ್ಲಿ ನಾಲ್ಕು ಒಣಕಡ್ಡಿ. ಮಾವ ಬಂದು ಜಾರಿ ಬಿದ್ದರೆ ಗತಿಯೇನು ಎಂದುಕೊಂಡು ಮೇಸ್ತ್ರಿ ಕಡ್ಡಿ ಮುರಿದೆಸೆದ, ಜಲ್ಲಿ ಬಡಿದ, ಕಾಂಕ್ರೀಟ್ ಸುರಿದ, ನೆಲ ಸಮವಿದೆಯೇ ಎಂದು ರಸಮಟ್ಟ ಇಟ್ಟು ನೋಡಿದ. ಆ ಗಿಡ ಬೇಸಿಗೆಯಲ್ಲಿ ಮೇಲೆಲ್ಲ ಒಣಗಿ ಬೇರಿನಲ್ಲಿ ಜೀವ ಹಿಡಿದುಕೊಂಡಿರುತ್ತದೆ, ಮಳೆಗೆ ಮತ್ತೆ ಏಳುತ್ತದೆ ಎಂದು ಅವನಿಗೆ ಯಾರು ಹೇಳಬೇಕು? ಕೆಲಸ ಗೊತ್ತಿದ್ದವನಿಗೆ ಕೇಳುವ ಅಭ್ಯಾಸ ಕಡಿಮೆ.

ಮನೆಗೆ ಬಂದ ಮಾವ ಹಿತ್ತಲ ಬಾಗಿಲು ಹಿಡಿದು ಬಹಳ ಹೊತ್ತು ನಿಂತರು.

"ಕೆಳಗೆ ಜಲ್ಲಿ ಹಾಕಿದೀಯೇನಪ್ಪಾ?"

"ಅರ್ಧ ಅಡಿ, ಮಾವ. ಒಂದು ಹುಲ್ಲುಕಡ್ಡಿ ಏಳಲ್ಲ."

"ಗಟ್ಟಿ ಕೆಲಸ," ಎಂದು ಅಲ್ಲೇ ಕೂತರು.

ಸಂಜೆ ಅವರು ಹೆಂಡತಿ, ಮಗಳ ಹತ್ತಿರ ಹೇಳುವುದು ಅವನ ಕಿವಿಗೆ ಬಿತ್ತು: "ಗಿಡ ಆಗಲೇ ಕೊಳೆತಿತ್ತು ಕಣೇ. ನೆಲ ಹಾಕಿಬಿಡು ಅಂತ ನಾನೇ ಹೇಳಿದ್ದೆ. ಅವನನ್ನ ಏನೂ ಅನ್ನಬೇಡಿ."

ಆಗ ಅವನಿಗೆ ಎಲ್ಲ ಅರ್ಥವಾಯಿತು: ತಾನು ಮುರಿದೆಸೆದ ಒಣಕಡ್ಡಿಗಳೇ ಮಾವನ ಗಿಡ. ಉಳಿ, ಸುತ್ತಿಗೆ ಚೀಲದಲ್ಲೇ ಇದ್ದವು. ಅರ್ಧ ದಿನದ ಕೆಲಸ. ನಾಳೆ ಒಡೆದುಹಾಕುತ್ತೇನೆ ಅಂದುಕೊಂಡ. ಆದರೆ ಮರುದಿನ ಅಕ್ಕಪಕ್ಕದವರು ನೆಲ ನೋಡಲು ಬಂದರು, ಭಲೇ ಎಂದರು. ಅವನೂ ನಿಂತು ವಿವರಿಸಿದ. ನಾಳೆ, ನಾಳೆ ಎನ್ನುತ್ತಲೇ ಮಳೆಗಾಲ ಬಂತು. ಬೀದಿಯ ಹಿತ್ತಲುಗಳಲ್ಲೆಲ್ಲ ನೇರಳೆ ಬಣ್ಣ ಎದ್ದಿತು. ಮಾವ ಕುರ್ಚಿ ಹಾಕಿಕೊಂಡು ಕಾಂಕ್ರೀಟ್ ನೋಡುತ್ತ ಕೂರುತ್ತಿದ್ದರು. ಅವನು ಅವರೆದುರು ಹಾದುಹೋಗುವುದನ್ನೇ ಬಿಟ್ಟ. ತಿಳಿಯದೆ ಮಾಡಿದ್ದಕ್ಕೆ ಒಂದು ಕ್ಷಮೆ ಸಾಕಿತ್ತು, ತಿಳಿದ ಮೇಲೆ ಸುಮ್ಮನಿದ್ದುದಕ್ಕೆ ಏನು ಕೇಳುವುದು?

*

"ಅಪ್ಪನ ಗಿಡ ಮೊದಲೇ ಕೊಳೆತಿತ್ತು ಮಾಮ," ಎಂದಳು ಹೆಂಡತಿ, ಗಂಡನ ಪರವಾಗಿ. "ಆಮೇಲೆ ಅಪ್ಪ ಹೇಳಿದ್ದಕ್ಕೇ ಇವರು ನೆಲ ಹಾಕಿದ್ದು."

ಹೂಂ ಎಂದರೆ ಮುಗಿಯಿತು. ಸುಳ್ಳು ಹೇಳಿದವರು ಇನ್ನು ಬಾಯಿ ಬಿಡುವುದಿಲ್ಲ. ಹೆಂಡತಿಯ ಮುಂದೆ, ಬೀದಿಯವರ ಮುಂದೆ ಅವನ ಮರ್ಯಾದೆ ಹಾಗೇ ಉಳಿಯುತ್ತಿತ್ತು. ಮೇಸ್ತ್ರಿ ಮಾವನ ಮುಖ ನೋಡಿದ.

"ಇಲ್ಲ," ಎಂದ. "ಕೊಳೆತಿರಲಿಲ್ಲ. ಬೇರು ಇಲ್ಲೇ, ನಮ್ಮ ಕಾಲ ಕೆಳಗೇ ಇದೆ. ಗೊತ್ತಿಲ್ಲದೆ ನಾನೇ ಮುಚ್ಚಿದ್ದು. ನನ್ನ ಮಾನ ಉಳಿಸೋಕೆ ಮಾವ ಸುಳ್ಳು ಹೇಳಿದ್ರು. ಅದು ನಂಗೆ ಆವತ್ತೇ ಗೊತ್ತಾಯ್ತು. ಗೊತ್ತಿದ್ದೂ ಒಡೀಲಿಲ್ಲ."

ಯಾರೂ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕಂಡಕ್ಟರ್ ತಮ್ಮ ಪಾದ ನೋಡಿಕೊಂಡರು. ಆ ಬೇರನ್ನೇ ತುಳಿದವರಂತೆ ಚಪ್ಪಲಿ ಎತ್ತಿ, ಹಿಂದೆ ಹಿಂದೆ ಸರಿದು, ಕಾಂಕ್ರೀಟಿಗೂ ಗೋಡೆಗೂ ನಡುವೆ ಉಳಿದಿದ್ದ ಗೇಣಗಲ ಕೆಸರಿಗೆ ಇಳಿದರು. ದರ್ಜಿ ಹೆಂಗಸೂ ಇಳಿದಳು. ಮಂಚ ಹೊತ್ತು ತಂದ ನಾಲ್ವರೂ ಇಳಿದರು. ಅತ್ತೆ ತಲೆದಿಂಬಿನ ಹತ್ತಿರದಿಂದ ಎದ್ದು ಗೋಡೆ ಹಿಡಿದುಕೊಂಡು ಹೋದರು. ಎಲ್ಲರಿಗಿಂತ ಕೊನೆಗೆ, ಅವನ ಕಡೆ ನೋಡದೆ, ಹೆಂಡತಿ ಹೋದಳು.

ಅಷ್ಟು ಜನ ಪಾದ ಮುಳುಗುವ ಕೆಸರಿನಲ್ಲಿ ಗೋಡೆಗೆ ಒತ್ತಿಕೊಂಡು ಸಾಲಾಗಿ ನಿಂತರು. ಬೋಳು ನೆಲದ ಮೇಲೆ ಮಾವ ಮತ್ತು ಅವನು ಇಬ್ಬರೇ ಉಳಿದರು.