ಎಲ್ಲರಿಗೂ ಸಾಲುವ ತನಕ

ಭೂಮಿ ನಡುಗಿ ಎರಡು ದಿನವಾಗಿತ್ತು. ನಗಿಹಾಮ ಬಂದರಿನ ಇನ್ನೂರ ಹನ್ನೆರಡು ಜನ ಶಾಲೆಯ ಒಳಾಂಗಣದಲ್ಲಿ ರಟ್ಟು ಹಾಸಿಕೊಂಡು, ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರು. ಬೆಳಿಗ್ಗೆ ಏಳಕ್ಕೆ ಲಾರಿ ಬಂತು, ನೂರಾ ಎಂಬತ್ತು ಅನ್ನದ ಉಂಡೆಗಳನ್ನು ಇಳಿಸಿ ಹೋಯಿತು. ಕೇರಿಯ ಮುಖ್ಯಸ್ಥ ತೊಕುದಾ ಎರಡೆರಡು ಸಲ ಎಣಿಸಿದ. ಪೆಟ್ಟಿಗೆ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟ.

"ಮೂವತ್ತೆರಡು ಕಮ್ಮಿ. ಎಲ್ಲರಿಗೂ ಸಾಲೋ ತನಕ ಯಾರಿಗೂ ಇಲ್ಲ. ಮುಂದಿನ ಲಾರಿ ಬರಲಿ."

"ಅರ್ಧರ್ಧ ಮಾಡಿ ಕೊಡಿ ಮುಖ್ಯಸ್ಥರೇ," ಎಂದಳು ಮಿಸಾವೊ.

"ಅರ್ಧ ಮಾಡಿದ್ರೆ ಉಂಡೆಯೊಳಗಿನ ಉಪ್ಪು ಹಾಕಿದ ಹುಳಿಹಣ್ಣು ಒಬ್ಬರಿಗೆ ಸಿಗತ್ತೆ, ಇನ್ನೊಬ್ಬರಿಗೆ ಇಲ್ಲ. ಆಮೇಲೆ ಹತ್ತು ವರ್ಷ ಅದೇ ಮಾತು. ನಿಮಗೆ ನಮ್ಮೂರು ಗೊತ್ತಿಲ್ವೇ ನರ್ಸಕ್ಕ?"

ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವಳ ಮೈ ಉರಿಯುತ್ತಿತ್ತು. ಯಾರೊಬ್ಬರೂ ಗೊಣಗಲಿಲ್ಲ. ಎಲ್ಲರೂ ಮುಚ್ಚಿದ ಪೆಟ್ಟಿಗೆಗೆ ತಲೆಬಾಗಿ, ಮತ್ತೆ ಬಿಸಿನೀರು ಕುಡಿದು ಕೂತರು.

ಮಿಸಾವೊ ಆ ಊರಿನ ಆರೋಗ್ಯ ನರ್ಸು. ಆರು ವರ್ಷದಿಂದ ತಿಂಗಳ ಮೊದಲ ಮಂಗಳವಾರ ಸಮುದಾಯ ಭವನದಲ್ಲಿ ಸಕ್ಕರೆ ಕಾಯಿಲೆಯ ಪಾಠ ಹೇಳುತ್ತಿದ್ದಳು. ಅಜ್ಜಿಯರು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಅವರ ಚೀಲಕ್ಕೆ ಕೈಹಾಕಿ ಮಿಠಾಯಿ ಹೊರತೆಗೆಯುತ್ತಿದ್ದಳು. "ಇದು ವಿಷ," ಎನ್ನುತ್ತಿದ್ದಳು. ಹಿಂದಿನ ಕಾಲದ ಕಥೆಗಳಲ್ಲಿ ಬೆಟ್ಟದ ರಾಕ್ಷಸಿಗೆ ಹೆದರುತ್ತಿದ್ದಂತೆ ಊರಿನ ಅಜ್ಜಿಯರು ಅವಳ ಕೈಗೆ ಹೆದರುತ್ತಿದ್ದರು.

ಎಂಟೂವರೆಯ ಹೊತ್ತಿಗೆ ಮೂಲೆಯಲ್ಲಿ ಗದ್ದಲವಾಯಿತು. ಗೆಂಜಿರೊ ತಾತ ಪಕ್ಕದವರನ್ನು ಬೈಯುತ್ತಿದ್ದ. ಎಪ್ಪತ್ತೆಂಟು ವರ್ಷ ಬೆಕ್ಕಿಗೂ ದಾರಿ ಬಿಟ್ಟು ನಡೆದ ಮನುಷ್ಯ ಅವನು.

"ನನ್ನ ದೋಣಿ ಯಾಕ್ರೋ ಬಿಚ್ಚಿದ್ರಿ? ಕಳ್ಳರು, ಎಲ್ಲ ಕಳ್ಳರು."

"ಅವನಿಗೆ ನರಿಯ ದೆವ್ವ ಹೊಕ್ಕಿದೆ," ಎಂದಳು ಪಕ್ಕದ ಉಮೆನೊ ಅಜ್ಜಿ, ತನ್ನ ಚೀಲವನ್ನು ಹೊಟ್ಟೆಗವಚಿಕೊಂಡು.

ಮಿಸಾವೊ ಅವನ ಹಣೆ ಮುಟ್ಟಿದಳು. ಉಸಿರು ಹೊಗೆಯಾಗುವ ಚಳಿಯಲ್ಲಿ ತಣ್ಣನೆ ಬೆವರು. ಕೈ ಗಡಗಡ ನಡುಗುತ್ತಿತ್ತು.

"ತಾತ, ಇನ್ಸುಲಿನ್ ಸೂಜಿ ಚುಚ್ಚಿಕೊಂಡ್ರಾ?"

"ಏಳಕ್ಕೆ," ಎಂದ ತಾತ, ಒಂದು ಕ್ಷಣ ತನ್ನ ಹಳೆಯ ವಿನಯಕ್ಕೆ ಮರಳಿ. "ಲಾರಿ ಬಂತಲ್ಲ. ನೀವೇ ಹೇಳಿದ್ದು, ಊಟಕ್ಕೆ ಮುಂಚೆ ಅಂತ."

"ಊಟ ಬರಲಿಲ್ಲ ಅಂತ ನಂಗ್ಯಾಕೆ ಹೇಳಲಿಲ್ಲ?"

"ಎಲ್ಲರಿಗೂ ಹಸಿವಿದೆ. ನಾನೊಬ್ಬ ಕೇಳೋದೇ?" ಎಂದವನೇ ಮತ್ತೆ ದೋಣಿಯ ಮಾತಿಗೇ ಹೊರಳಿಬಿಟ್ಟ. ಅವನ ಕಣ್ಣು ಮಂಜಾಗತೊಡಗಿತು.

ಖಾಲಿ ಹೊಟ್ಟೆಯಲ್ಲಿ ಸೂಜಿ ಅವನ ರಕ್ತದ ಸಕ್ಕರೆಯನ್ನು ತಳಕ್ಕಿಳಿಸಿತ್ತು. ಅನ್ನ ಅಗಿದು, ಅದು ಸಕ್ಕರೆಯಾಗಿ ರಕ್ತ ಸೇರುವಷ್ಟು ಹೊತ್ತಿರಲಿಲ್ಲ. ಅವನು ನುಂಗಬಲ್ಲವನಾಗಿದ್ದಾಗಲೇ ಸಿಹಿ ಒಳಗೆ ಹೋಗಬೇಕು. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕುವಂತಿಲ್ಲ. ಆಸ್ಪತ್ರೆಯ ರಸ್ತೆ ಕುಸಿದ ಬೆಟ್ಟದ ಕೆಳಗೆ ಹೂತುಹೋಗಿತ್ತು.

ಮಿಸಾವೊ ಎದ್ದು ನಿಂತಳು. "ಯಾರ ಹತ್ರ ಮಿಠಾಯಿ ಇದೆ? ಸಕ್ಕರೆ, ಜೇನು, ಏನಾದ್ರೂ?"

ಮುದುಕಿಯರೆಲ್ಲ ನೆಲ ನೋಡಿದರು.

"ನಾವು ಬಿಟ್ಟು ಆರು ವರ್ಷವಾಯ್ತಲ್ಲ," ಎಂದಳೊಬ್ಬಳು.

"ನಮ್ಮ ಮನೇಲಿ ಸಕ್ಕರೆ ಡಬ್ಬಾನೇ ಇಲ್ಲಮ್ಮ," ಎಂದಳು ಉಮೆನೊ. ಅವಳ ಚೀಲದೊಳಗೆ ಕಾಗದ ಸರಸರ ಎಂದಿತು.

ಮಿಸಾವೊಗೆ ಆ ಸದ್ದು ಕೇಳಿಸಿತು. ಚೀಲ ಕಿತ್ತುಕೊಳ್ಳಲು ಕೈ ಮುಂದೆ ಹೋಯಿತು, ಅರ್ಧಕ್ಕೇ ನಿಂತಿತು. ಈ ಕೈಗೆ ಹೆದರಿಯೇ ಅಲ್ಲವೇ ಇವರು ಸುಳ್ಳು ಹೇಳುತ್ತಿರುವುದು. ಪಾಠದ ಪುಸ್ತಕದಲ್ಲಿ ಇನ್ನೊಂದು ಪುಟವಿತ್ತು. ಸಕ್ಕರೆ ಇಳಿದರೆ ಏನಾಗುತ್ತದೆ, ಜೇಬಿನಲ್ಲಿ ನಾಲ್ಕು ಮಿಠಾಯಿ ಯಾಕಿರಬೇಕು ಎಂಬ ಪುಟ. ಅದನ್ನು ಹೇಳಿದರೆ ಇವರಿಗೆ ತಿನ್ನಲು ನೆಪ ಸಿಗುತ್ತದೆಂದು ಆರು ವರ್ಷವೂ ಅವಳು ಹಾರಿಸಿಕೊಂಡು ಬಂದಿದ್ದಳು.

ಅವಳು ಮಂಡಿಯೂರಿ, ಹಣೆ ನೆಲಕ್ಕೆ ಹಚ್ಚಿದಳು. "ಅಜ್ಜಿ, ನಾನು ಅರ್ಧ ಪಾಠ ಮಾತ್ರ ಹೇಳಿದ್ದು. ತಪ್ಪು ನಂದು. ಸಿಹಿ ಹೋಗದಿದ್ರೆ ತಾತ ಉಳಿಯಲ್ಲ."

ಉಮೆನೊ ಕಣ್ಣು ಪಿಳುಕಿಸಿದಳು. "ಬಯ್ಯಲ್ವಾ?"

"ಬಯ್ಯಲ್ಲ."

ಚೀಲ ಬಾಯಿ ತೆರೆಯಿತು. ಕಪ್ಪು ಬೆಲ್ಲದ ಮಿಠಾಯಿ ಒಂದು ಹಿಡಿ. ಆಮೇಲೆ ಆ ಕಡೆಯಿಂದ ಶುಂಠಿಯದು, ಈ ಕಡೆಯಿಂದ ಕಿತ್ತಳೆಯದು. ಸ್ವೆಟರಿನ ತೋಳಿನಿಂದ, ಕಾಲುಚೀಲದಿಂದ, ದೇವರ ತಾಯಿತದ ಚೀಲದಿಂದಲೂ ಉದುರಿದವು. ಆರು ವರ್ಷದ ತನ್ನ ಮಂಗಳವಾರಗಳೆಲ್ಲ ರಟ್ಟಿನ ಮೇಲೆ ರಾಶಿ ಬಿದ್ದದ್ದನ್ನು ಮಿಸಾವೊ ಹಲ್ಲು ಕಚ್ಚಿ ನೋಡಿದಳು. ನಾಲ್ಕೈದನ್ನು ಕುಟ್ಟಿ ಪುಡಿಮಾಡಿ, ಬಿಸಿನೀರಿಗೆ ಕದಡಿ, ತಾತನನ್ನು ಎತ್ತಿ ಕೂರಿಸಿ ಗುಟುಕು ಗುಟುಕಾಗಿ ಕುಡಿಸಿದಳು.

ಕಾಲು ಗಂಟೆಯಲ್ಲಿ ಅವನ ಬೆವರು ಆರಿತು. ತಾತ ಸುತ್ತ ನೋಡಿದ. "ಏನಾಯ್ತು? ನಿಮಗೆಲ್ಲ ತೊಂದರೆ ಕೊಟ್ಟೆನೇನೋ."

"ಕೊಟ್ಟೆ ಮಾರಾಯ. ನಮ್ಮನ್ನ ಕಳ್ಳರು ಅಂದೆ," ಎಂದಳು ಉಮೆನೊ. ಮಿಠಾಯಿಯ ರಾಶಿಯನ್ನು ನೋಡಿ ಸೇರಿಸಿದಳು, "ಸುಳ್ಳಲ್ಲ ಬಿಡು."

ಮಿಸಾವೊ ನಗಲಿಲ್ಲ. ತಾತನ ಹೊಟ್ಟೆಗೆ ಈಗ ಅನ್ನ ಬೇಕು. ಅವಳು ಕೇಳಿದಳು, "ಬೆಳಿಗ್ಗೆ ಇನ್ಯಾರು ಸೂಜಿ ಚುಚ್ಚಿಕೊಂಡಿದೀರಿ? ಕೈಯೆತ್ತಿ."

ಒಂದು ಕೈಯೂ ಏಳಲಿಲ್ಲ. ಊರ ಮುಂದೆ ತನ್ನ ಕಾಯಿಲೆ ಒಪ್ಪಿಕೊಳ್ಳುವುದೆಂದರೆ ಬಟ್ಟೆ ಬಿಚ್ಚಿ ನಿಂತಂತೆ. ಇಷ್ಟು ನೋಡಿದ ಮೇಲೂ.

ಆಗ ಗೆಂಜಿರೊ ತಾತನ ಕೈ ಮೇಲೆದ್ದಿತು. ಅವನ ಹಿಂದೆ ಒಂದು, ಕಿಟಕಿಯ ಬಳಿ ಎರಡು, ಬಾಗಿಲ ಬಳಿ ಒಂದು. ಕೊನೆಗೆ, ಅನ್ನದ ಪೆಟ್ಟಿಗೆಯ ಮೇಲಿದ್ದ ಕೈ.

ಎಂದೂ ಪಾಠಕ್ಕೆ ಬಾರದ, "ನನಗೆಂಥ ಕಾಯಿಲೆ" ಎನ್ನುತ್ತಿದ್ದ ತೊಕುದಾನ ಮುಖ ಬೆವರಿನಲ್ಲಿ ತೊಯ್ದಿತ್ತು.

ಮಿಸಾವೊ ಪೆಟ್ಟಿಗೆ ತೆರೆದಳು. ಯಾರೂ ತಡೆಯಲಿಲ್ಲ. ಮೊದಲು ಅವನ ಬಾಯಿಗೊಂದು ಮಿಠಾಯಿ ತುರುಕಿದಳು, ಆಮೇಲೆ ಆರೂ ಜನರ ಕೈಗೆ ಒಂದೊಂದು ಉಂಡೆ ಇಟ್ಟಳು.

"ಇನ್ನು ನೂರಾ ಎಪ್ಪತ್ತನಾಲ್ಕು," ಎಂದ ತೊಕುದಾ, ತುಂಬಿದ ಬಾಯಲ್ಲೇ.

"ಬಾಯಿ ಮುಚ್ಚಿಕೊಂಡು ತಿನ್ನಿ ಮುಖ್ಯಸ್ಥರೇ," ಎಂದಳು ಮಿಸಾವೊ.